ಕಾಯಿಲೆಗೆ ಮುನ್ನವೇ ಕಟ್ಟುವ ಆಸ್ಪತ್ರೆ ಬಿಲ್ಲು

ಎರಡು ವರ್ಷದ ಕೆಲಸಕ್ಕೆಂದು ಲಂಡನ್ನಿಗೆ ಹೊರಟ ಬೆಂಗಳೂರಿನ ಎಂಜಿನಿಯರ್ ಊರು ಬಿಡುವ ಮೊದಲೇ ಬ್ರಿಟನ್ನಿನ ಆಸ್ಪತ್ರೆಗಳಿಗೆ ಹಣ ಕಟ್ಟಿರಬೇಕು. ಅಲ್ಲಿ ಹೋದ ಮೇಲೆ ಕಾಯಿಲೆ ಬಂದೀತೋ ಇಲ್ಲವೋ, ಆ ಮಾತು ಬೇರೆ. ಇರುವಷ್ಟೂ ವರ್ಷಗಳ ಬಾಬ್ತು ವೀಸಾ ಅರ್ಜಿಯ ಜತೆಯಲ್ಲೇ ಇಡುಗಂಟಾಗಿ ಸಂದಾಯವಾಗಬೇಕು. ಇದಕ್ಕೆ ‘ವಲಸೆ ಆರೋಗ್ಯ ಸರ್‌ಚಾರ್ಜ್’ ಎಂದು ಹೆಸರು. 2024ರ ಫೆಬ್ರುವರಿ 6ರಿಂದ ಇದರ ದರ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್. ವಿದ್ಯಾರ್ಥಿಗಳಿಗೂ 18 ವರ್ಷದೊಳಗಿನ ಮಕ್ಕಳಿಗೂ 776 ಪೌಂಡ್. ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರವೊಂದು ಐದು ವರ್ಷದ ವೀಸಾ ಪಡೆಯಬೇಕಾದರೆ ಸರ್‌ಚಾರ್ಜ್ ಒಂದೇ 18,110 ಪೌಂಡ್ ಆಗುತ್ತದೆ. ಪೌಂಡಿಗೆ ನೂರೇ ರೂಪಾಯಿ ಎಂದು ಹಿಡಿದರೂ 18 ಲಕ್ಷ ರೂಪಾಯಿ ದಾಟಿತು. ವೀಸಾ ಶುಲ್ಕ ಇದರ ಮೇಲೆ. ಕಂಪನಿ ಭರಿಸಿದರೆ ಸರಿ, ಇಲ್ಲವಾದರೆ ಕೈಯಿಂದಲೇ ತೆರಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋಗುವ ಭಾರತೀಯರು ಕ್ಷಯ ಇಲ್ಲವೆಂಬ ಪ್ರಮಾಣಪತ್ರವನ್ನೂ ಒದಗಿಸಬೇಕು. ಹಾಗಾಗಿ ಎದೆ, ಜೇಬು ಎರಡರ ತಪಾಸಣೆಯೂ ಇಲ್ಲಿಯೇ ಮುಗಿದಿರುತ್ತದೆ.

ಹೀಗೆ ಮುಂಗಡ ಕೇಳುತ್ತಿರುವುದು ಬೇರಾವುದೋ ದೇಶವಲ್ಲ. ರೋಗಿಯ ಬಳಿ ಹಣ ಕೇಳಬಾರದೆಂಬ ನಿಯಮದ ಮೇಲೆಯೇ ಇಡೀ ದೇಶಕ್ಕೆ ಒಂದು ಆರೋಗ್ಯ ವ್ಯವಸ್ಥೆಯನ್ನು ಕಟ್ಟಿ, ಅದನ್ನು ತನ್ನ ಹೆಮ್ಮೆ ಎಂದು ಹೇಳಿಕೊಳ್ಳುವ ಬ್ರಿಟನ್. ಆ ನಿಯಮದ ಪಕ್ಕದಲ್ಲೇ ಈ ಸರ್‌ಚಾರ್ಜ್ ಹೇಗೆ ಬಂದು ಕುಳಿತಿತು ಎಂಬುದು ‘ನಮ್ಮವರು ಯಾರು?’ ಎಂಬ ಪ್ರಶ್ನೆಗೆ ಆ ದೇಶ ಕಾಲಕಾಲಕ್ಕೆ ಕೊಟ್ಟುಕೊಂಡ ಉತ್ತರಗಳ ಕಥೆ.

ಗಣಿ ಊರಿನ ಲೆಕ್ಕ

ಈ ಆರೋಗ್ಯ ಸೇವೆಯ ಬೇರು ವೇಲ್ಸ್‌ನ ಟ್ರೆಡಿಗರ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿದೆ. ಅಲ್ಲಿನ ಕಾರ್ಮಿಕರು ಪ್ರತಿವಾರ ತಮ್ಮ ಕೂಲಿಯಲ್ಲಿ ಇಷ್ಟೆಂದು ಮುರಿದು ಒಂದು ವೈದ್ಯಕೀಯ ಸಹಾಯ ಸಂಘ ನಡೆಸುತ್ತಿದ್ದರು. ವೈದ್ಯರಿಗೆ ಸಂಬಳ ಕೊಡುತ್ತಿದ್ದುದು ಆ ಸಂಘವೇ. ಕಾಯಿಲೆ ಬಿದ್ದವನು ಹಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. 1920ರ ದಶಕದ ಆರಂಭದಲ್ಲಿ ಅಲ್ಲಿ ಕೆಲಸ ಮಾಡಿದ ವೈದ್ಯರಲ್ಲಿ ಎ.ಜೆ. ಕ್ರೋನಿನ್ ಒಬ್ಬರು. ಮುಂದೆ ಕಾದಂಬರಿಕಾರರಾಗಿ ಅವರು ಬರೆದ ‘ದಿ ಸಿಟಾಡೆಲ್’ 1937ರಲ್ಲಿ ಪ್ರಕಟವಾಯಿತು. ದೇವಾನಂದ್, ಮುಮ್ತಾಜ್ ನಟಿಸಿದ 1971ರ ಹಿಂದಿ ಚಿತ್ರ ‘ತೇರೆ ಮೇರೆ ಸಪ್ನೆ’ ನೋಡಿದವರಿಗೆ ಆ ಕಥೆ ಗೊತ್ತೇ ಇರುತ್ತದೆ. ಗಣಿ ಊರಿಗೆ ಬರುವ ಆ ಯುವ ವೈದ್ಯನ ಮೂಲ ಈ ಕಾದಂಬರಿಯೇ.

ಅದೇ ಟ್ರೆಡಿಗರ್‌ನಲ್ಲಿ ಹುಟ್ಟಿ, ಎಳೆಯ ಹರೆಯದಲ್ಲೇ ಗಣಿಗೆ ಇಳಿದಿದ್ದ ಅನ್ಯೂರಿನ್ ಬೇವನ್ ಎರಡನೇ ಮಹಾಯುದ್ಧದ ನಂತರದ ಲೇಬರ್ ಸರಕಾರದಲ್ಲಿ ಆರೋಗ್ಯ ಸಚಿವರಾದರು. ತಮ್ಮೂರಿನ ಲೆಕ್ಕವನ್ನು ಇಡೀ ದೇಶಕ್ಕೆ ಅನ್ವಯಿಸಿದರು. ವಾರದ ವಂತಿಗೆಯ ಜಾಗದಲ್ಲಿ ಸಾರ್ವತ್ರಿಕ ತೆರಿಗೆ, ಸಂಘದ ಜಾಗದಲ್ಲಿ ಸರಕಾರ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಇಂದು ಎಲ್ಲರ ಬಾಯಲ್ಲಿರುವ ಎನ್‌ಎಚ್‌ಎಸ್, ಆರಂಭವಾಯಿತು. ಬೇವನ್ ಹಟವಾದಿ. ಕನ್ನಡಕಕ್ಕೂ ಕಟ್ಟುಹಲ್ಲಿಗೂ ಶುಲ್ಕ ಹಾಕಲು ತಮ್ಮದೇ ಸರಕಾರ ಹೊರಟಾಗ 1951ರಲ್ಲಿ ಸಚಿವ ಸ್ಥಾನಕ್ಕೇ ರಾಜೀನಾಮೆ ಕೊಟ್ಟು ಹೊರಬಂದರು.

ಆಗ ಹೊರಗಿನಿಂದ ಬಂದವರ ಗತಿ ಏನಿತ್ತು? ಸೇವೆ ಆರಂಭವಾಗುವುದಕ್ಕೆ ಸುಮಾರು ಎರಡು ವಾರ ಮುಂಚೆ, 1948ರ ಜೂನ್ 22ರಂದು, ವೆಸ್ಟ್ ಇಂಡೀಸ್‌ನ ನೂರಾರು ಜನರನ್ನು ಹೊತ್ತ ‘ವಿಂಡ್‌ರಷ್’ ಹಡಗು ಲಂಡನ್ ಸಮೀಪದ ಟಿಲ್ಬರಿ ಬಂದರಿಗೆ ಬಂದಿತ್ತು. ಬ್ರಿಟನ್ನಿನ ವಸಾಹತುಗಳ ಜನರಿಗೂ ಭಾರತದಂಥ ಕಾಮನ್‌ವೆಲ್ತ್ ದೇಶಗಳವರಿಗೂ ಅಲ್ಲಿಗೆ ಹೋಗಿ ನೆಲೆಸುವ ಹಕ್ಕಿದ್ದ ಕಾಲ ಅದು. 1962ರ ಕಾಯಿದೆ ಬಂದ ಮೇಲಷ್ಟೇ ಆ ಬಾಗಿಲು ಮುಚ್ಚತೊಡಗಿದ್ದು. ಅಲ್ಲಿಯ ತನಕ ‘ತಾತ್ಕಾಲಿಕ ವೀಸಾದ ವಲಸಿಗ’ ಎಂಬ ವರ್ಗವೇ ನಮ್ಮವರ ಪಾಲಿಗೆ ಇರಲಿಲ್ಲ. ಹೋದವರು ಅಲ್ಲಿನವರೊಂದಿಗೆ ಒಂದೇ ಸಾಲಿನಲ್ಲಿ ನಿಂತು ಔಷಧಿ ಪಡೆದರು. ಬಹುಮಂದಿ ಸಾಲಿನ ಆಚೆ ಬದಿಯಲ್ಲಿದ್ದರು: ದಾದಿಯರಾಗಿ, ವೈದ್ಯರಾಗಿ.

ಪ್ರವಾಸಕ್ಕೆಂದು ಬಂದ ವಿದೇಶಿಯರೂ ಪುಕ್ಕಟೆ ಚಿಕಿತ್ಸೆ ಪಡೆಯುತ್ತಾರೆಂಬ ಗೊಣಗಾಟ ಅಂದೇ ಎದ್ದಿತ್ತು. ಅಂಥವರಿಂದ ಹಣ ವಸೂಲು ಮಾಡುವ ಅಧಿಕಾರವನ್ನು 1949ರ ತಿದ್ದುಪಡಿ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು ಕೂಡ. ಆದರೆ ಬೇವನ್ ಅದನ್ನು ಬಳಸಲಿಲ್ಲ. 1952ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರು ಮುಂದಿಟ್ಟ ವಾದ ಸ್ವಾರಸ್ಯಕರ. ಪರದೇಶಿಯೂ ಇಲ್ಲಿ ಸಾಮಾನು ಕೊಂಡಾಗ ಪರೋಕ್ಷ ತೆರಿಗೆ ಕೊಡುತ್ತಾನೆ, ಅದು ಒಂದು. ಹೆಚ್ಚು ತೂಕದ್ದು ಎರಡನೆಯದು: ಆಸ್ಪತ್ರೆಗೆ ಬಂದವರಲ್ಲಿ ಪರದೇಶಿ ಯಾರೆಂದು ಪತ್ತೆ ಮಾಡಬೇಕಾದರೆ ಸ್ವದೇಶಿಯೂ ತಾನು ಸ್ವದೇಶಿ ಎಂದು ರುಜುವಾತು ತೋರಿಸಬೇಕಾಗುತ್ತದೆ. ಹೊರಗಿನವನನ್ನು ಹಿಡಿಯಲು ಹಾಕಿದ ತಡೆಗಂಬಕ್ಕೆ ಮನೆಯವನೇ ಎಡವುತ್ತಾನೆ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಓದುಗರು ನೆನಪಿಡಬೇಕು. ಅರವತ್ತೈದು ವರ್ಷಗಳ ನಂತರ ಇದು ಅಕ್ಷರಶಃ ನಿಜವಾಯಿತು.

ನಿವಾಸಿ ಯಾರು?

1949ರ ಆ ಅಧಿಕಾರ ಮೂಲೆ ಸೇರಿ ಮೂವತ್ತು ವರ್ಷ ಕಳೆದವು. ಅದು ಜಾರಿಗೆ ಬಂದಿದ್ದು 1982ರ ಅಕ್ಟೋಬರಿನಲ್ಲಿ, ಮಾರ್ಗರೆಟ್ ಥ್ಯಾಚರ್ ಕಾಲದಲ್ಲಿ. ಬ್ರಿಟನ್ನಿನ ‘ಸಾಮಾನ್ಯ ನಿವಾಸಿ’ ಅಲ್ಲದವರು ಆಸ್ಪತ್ರೆ ಚಿಕಿತ್ಸೆಗೆ ಹಣ ಕೊಡಬೇಕೆಂದು ನಿಯಮವಾಯಿತು. ಸರಿ, ಸಾಮಾನ್ಯ ನಿವಾಸಿ ಎಂದರೆ ಯಾರು? ಅದಕ್ಕೆ ಉತ್ತರ ಬಂದಿದ್ದು ಆರೋಗ್ಯಕ್ಕೆ ಸಂಬಂಧವೇ ಇಲ್ಲದ ಒಂದು ಮೊಕದ್ದಮೆಯಿಂದ. ಉತ್ತರ ಲಂಡನ್ನಿನ ಬಾರ್ನೆಟ್‌ನ ಸ್ಥಳೀಯ ಆಡಳಿತ ವಿದ್ಯಾರ್ಥಿ ವೇತನ ನಿರಾಕರಿಸಿತೆಂದು ಹೊರದೇಶದಿಂದ ಬಂದಿದ್ದ ವಿದ್ಯಾರ್ಥಿಗಳು ಹೂಡಿದ್ದ ಮೇಲ್ಮನವಿಯಲ್ಲಿ 1982ರ ಡಿಸೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಕಾನೂನು ಪುಸ್ತಕಗಳಲ್ಲಿ ಅದು ‘ಷಾ ಮೊಕದ್ದಮೆ’ ಎಂದೇ ಪ್ರಸಿದ್ಧ. ಒಬ್ಬ ವ್ಯಕ್ತಿ ಕಾನೂನುಬದ್ಧವಾಗಿ, ಸ್ವಇಚ್ಛೆಯಿಂದ, ಓದು, ಕೆಲಸ, ಸಂಸಾರ ಹೀಗೆ ಯಾವುದಾದರೂ ನಿಶ್ಚಿತ ಉದ್ದೇಶಕ್ಕಾಗಿ ಅಲ್ಲಿ ಬದುಕು ನಡೆಸುತ್ತಿದ್ದರೆ ಅವನು ಸಾಮಾನ್ಯ ನಿವಾಸಿಯೇ. ಇರುವ ಅವಧಿ ಚಿಕ್ಕದಾದರೂ ಸರಿ, ದೊಡ್ಡದಾದರೂ ಸರಿ ಎಂಬುದು ಲಾರ್ಡ್ ಸ್ಕಾರ್‌ಮನ್ ಬರೆದ ತೀರ್ಪಿನ ಸಾರ.

ಆಸ್ಪತ್ರೆಗಳೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡವು. ಪ್ರವಾಸಿ ಹಣ ಕೊಡಬೇಕು, ಬದುಕು ನಡೆಸಲು ಬಂದವನು ಕೊಡಬೇಕಿಲ್ಲ. ಓದಲು ಹೋದ ಧಾರವಾಡದ ಹುಡುಗ, ಮೂರು ವರ್ಷದ ಕರಾರಿನ ಮೇಲೆ ಹೋದ ಬೆಂಗಳೂರಿನ ತಂತ್ರಜ್ಞ, ಅವರ ಹೆಂಡತಿ ಮಕ್ಕಳು ಎಲ್ಲರೂ ಈ ಲೆಕ್ಕದಲ್ಲಿ ನಿವಾಸಿಗಳೇ ಆದರು. ಮೂವತ್ತೆರಡು ವರ್ಷ ಹೀಗೆಯೇ ನಡೆಯಿತು.

2014ರ ವಲಸೆ ಕಾಯಿದೆ ಆ ಅಳತೆಗೋಲನ್ನೇ ಮುರಿಯಿತು. ಥೆರೆಸಾ ಮೇ ಆಗ ಗೃಹ ಸಚಿವೆ. ಕಾಗದಪತ್ರ ಸರಿಯಿಲ್ಲದ ವಲಸಿಗರಿಗೆ ಬಾಡಿಗೆ ಮನೆ, ಬ್ಯಾಂಕ್ ಖಾತೆ, ಚಾಲನಾ ಪರವಾನಗಿ ಯಾವುದೂ ಸುಲಭವಾಗಿ ಸಿಗದಂತೆ ಮಾಡಿ, ಅವರೇ ಬೇಸತ್ತು ಹೊರಡುವಂತೆ ಮಾಡುವುದು ಸರಕಾರದ ಬಹಿರಂಗ ನೀತಿಯಾಗಿತ್ತು. ಆದರೆ ಅದೇ ಕಾಯಿದೆಯ ಆರೋಗ್ಯದ ಕಲಮುಗಳು ತಟ್ಟಿದ್ದು ಕಾಗದಪತ್ರ ಸರಿಯಿದ್ದವರನ್ನೂ. ಕಾಯಂ ವಾಸದ ಅನುಮತಿ ಇಲ್ಲದವರಾರೂ ಆರೋಗ್ಯ ಸೇವೆಯ ಮಟ್ಟಿಗೆ ಸಾಮಾನ್ಯ ನಿವಾಸಿಗಳಲ್ಲ ಎಂದು ಅದು ಸಾರಿತು. ಎಷ್ಟು ವರ್ಷದಿಂದ ಇದ್ದಾನೆ, ಏನು ಮಾಡುತ್ತಾನೆ, ಎಷ್ಟು ತೆರಿಗೆ ಕಟ್ಟಿದ್ದಾನೆ ಎಂಬ ಪ್ರಶ್ನೆಗಳು ಹೋಗಿ, ಪಾಸ್‌ಪೋರ್ಟಿನಲ್ಲಿ ಯಾವ ಮುದ್ರೆ ಇದೆ ಎಂಬ ಒಂದೇ ಪ್ರಶ್ನೆ ಉಳಿಯಿತು. ಹೀಗೆ ಹೊರಗೆ ಹಾಕಿದವರಿಗೆ ಮತ್ತೆ ಒಳಗೆ ಬರಲು ಇಟ್ಟ ಟಿಕೆಟ್ಟೇ ಸರ್‌ಚಾರ್ಜ್.

2015ರ ಏಪ್ರಿಲ್ 6ರಂದು ಅದು ಆರಂಭವಾದಾಗ ವರ್ಷಕ್ಕೆ 200 ಪೌಂಡ್. ವಿದ್ಯಾರ್ಥಿಗಳಿಗೆ 150. ದೊಡ್ಡ ಮೊತ್ತ ಎನಿಸಲಿಲ್ಲ. ಕಂಪನಿಯ ಒಳಗಿನ ವರ್ಗಾವಣೆಯ ಮೇಲೆ ಹೋಗುವವರಿಗೆ ಮೊದಲು ವಿನಾಯಿತಿಯೂ ಇತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ತಮ್ಮವರನ್ನು ಕಳಿಸುತ್ತಿದ್ದುದು ಹೆಚ್ಚಾಗಿ ಈ ದಾರಿಯಲ್ಲೇ ಆದ್ದರಿಂದ ಇಲ್ಲಿ ಅದರ ಬಿಸಿ ತಟ್ಟಲಿಲ್ಲ. 2017ರ ಏಪ್ರಿಲ್‌ನಲ್ಲಿ ಆ ವಿನಾಯಿತಿ ಹೋಯಿತು. 2019ರ ಜನವರಿಯಲ್ಲಿ ದರ 400 ಪೌಂಡಿಗೆ ಇಮ್ಮಡಿಯಾಯಿತು. 2020ರ ಅಕ್ಟೋಬರಿನಲ್ಲಿ 624. ಕೊನೆಗೆ 1,035. ಒಂಬತ್ತು ವರ್ಷಗಳಲ್ಲಿ ಐದು ಪಟ್ಟಿಗೂ ಹೆಚ್ಚು!

ಹಣ ಕೊಟ್ಟು ಪಡೆದದ್ದೇನು?

ಸರ್‌ಚಾರ್ಜ್ ಕಟ್ಟಿದವರು ಬಡಾವಣೆಯ ಸರಕಾರಿ ವೈದ್ಯರಲ್ಲಿ ಹೆಸರು ನೋಂದಾಯಿಸಬಹುದು, ಅವರ ಶಿಫಾರಸಿನ ಮೇಲೆ ತಜ್ಞರನ್ನು ಕಾಣಬಹುದು, ಶಸ್ತ್ರಚಿಕಿತ್ಸೆ, ಹೆರಿಗೆ ಎಲ್ಲಕ್ಕೂ ಅಲ್ಲಿನವರಷ್ಟೇ ಹಕ್ಕು. ಕಾಯುವುದೂ ಅಲ್ಲಿನವರಷ್ಟೇ. 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳ ಕಾಯುವ ಪಟ್ಟಿ 77 ಲಕ್ಷ ದಾಟಿತ್ತು. ಹಲ್ಲಿನ ಚಿಕಿತ್ಸೆಗೂ ಕಣ್ಣಿನ ತಪಾಸಣೆಗೂ ಬೇರೆ ಹಣ. ಇಂಗ್ಲೆಂಡಿನಲ್ಲಿ ವೈದ್ಯರು ಬರೆದುಕೊಟ್ಟ ಒಂದೊಂದು ಔಷಧಿಗೂ ಶುಲ್ಕವಿದೆ. 2024ರ ಮೇ ತಿಂಗಳಲ್ಲಿ ಅದು 9.90 ಪೌಂಡ್ ಆಯಿತು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಈ ಶುಲ್ಕ ಇಲ್ಲ. ಮಕ್ಕಳಾಗದವರು ಪಡೆಯುವ ಪ್ರನಾಳ ಶಿಶು ಚಿಕಿತ್ಸೆಯನ್ನು ಇಂಗ್ಲೆಂಡಿನಲ್ಲಿ 2017ರ ಆಗಸ್ಟ್‌ನಿಂದ ಈ ಹಕ್ಕಿನಿಂದ ಕೈಬಿಡಲಾಗಿದೆ. ಖಾಸಗಿ ವಿಮೆ ಇದೆಯೆಂದು ಹೇಳಿ ಸರ್‌ಚಾರ್ಜ್ ತಪ್ಪಿಸಿಕೊಳ್ಳುವಂತಿಲ್ಲ. ವೀಸಾ ಸಿಗದಿದ್ದರೆ ಹಣ ವಾಪಸ್. ವೀಸಾ ಸಿಕ್ಕಿ, ಕೆಲಸ ಹಿಡಿಸದೆ ಆರೇ ತಿಂಗಳಿಗೆ ಊರಿಗೆ ಮರಳಿದರೆ ಉಳಿದ ವರ್ಷಗಳದ್ದು ಅಲ್ಲಿಗೇ ಅರ್ಪಣ.

ಸರಕಾರದ ವಾದಕ್ಕೂ ಆಧಾರ ಇಲ್ಲದಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರು ವರ್ಷಾನುಗಟ್ಟಲೆ ತೆರಿಗೆ ಕೊಟ್ಟು ಈ ಸೇವೆಯನ್ನು ಕಟ್ಟಿದ್ದಾರೆ, ನಿನ್ನೆ ಬಂದವರು ಒಂದಿಷ್ಟು ಸೇರಿಸಲಿ ಎಂಬುದು ಅದು. ಆದರೆ ಕೆಲಸಕ್ಕೆ ಹೋದ ವಲಸಿಗ ಮೊದಲ ತಿಂಗಳ ಸಂಬಳದಿಂದಲೇ ಆದಾಯ ತೆರಿಗೆಯನ್ನೂ ‘ನ್ಯಾಷನಲ್ ಇನ್ಶೂರೆನ್ಸ್’ ವಂತಿಗೆಯನ್ನೂ ಕೊಡುತ್ತಾನೆ. ಎನ್‌ಎಚ್‌ಎಸ್ ನಡೆಯುವುದು ಮುಖ್ಯವಾಗಿ ಆ ತೆರಿಗೆಯಿಂದಲೇ. ಅಂದ ಮೇಲೆ ಒಂದೇ ಸೇವೆಗೆ ಎರಡು ಸಲ ಬೆಲೆ ಕೊಟ್ಟಂತಾಯಿತಲ್ಲವೇ? 2023ರ ಜುಲೈಯಲ್ಲಿ ಪ್ರಧಾನಿ ರಿಷಿ ಸುನಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ವೈದ್ಯರು, ಶಿಕ್ಷಕರು, ಪೊಲೀಸರ ಸಂಬಳ ಏರಿಕೆಗೆ ಹಣ ಎಲ್ಲಿಂದ ಎಂದು ಕೇಳಿದ್ದಕ್ಕೆ, ವೀಸಾ ಶುಲ್ಕ ಮತ್ತು ಆರೋಗ್ಯ ಸರ್‌ಚಾರ್ಜ್ ಹೆಚ್ಚಿಸುತ್ತೇವೆ ಎಂದರು. ಸೇವೆಯ ಖರ್ಚಿಗೆ ತಕ್ಕ ಬೆಲೆ ಎಂಬ ಮಾತಿನ ಬಲ ಅಂದೇ ಸಡಿಲವಾಯಿತು. ಮತದಾರರ ಮೇಲೆ ತೆರಿಗೆ ಹಾಕಿದರೆ ಚುನಾವಣೆಯಲ್ಲಿ ಕೇಳುತ್ತಾರೆ. ಇನ್ನೂ ವಿಮಾನ ಹತ್ತದವರು ಯಾರನ್ನು ಕೇಳಬೇಕು?

ಈ ವಿಚಾರದಲ್ಲಿ ಸರಕಾರ ಒಮ್ಮೆ ಮಾತ್ರ ಮಣಿದಿದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ತಗುಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದ್ದ ಪ್ರಧಾನಿ ಬೋರಿಸ್ ಜಾನ್ಸನ್, ಬದುಕಿ ಬಂದ ಮೇಲೆ ಹಾಸಿಗೆಯ ಪಕ್ಕದಲ್ಲೇ ನಿಂತು ಕಾದ ಇಬ್ಬರು ದಾದಿಯರನ್ನು ಕೊಂಡಾಡಿದ್ದರು. ಒಬ್ಬರು ನ್ಯೂಜಿಲೆಂಡಿನವರು, ಇನ್ನೊಬ್ಬರು ಪೋರ್ಚುಗಲ್ಲಿನವರು. ಹೊರದೇಶದ ಇಂಥ ಆರೋಗ್ಯ ಸಿಬ್ಬಂದಿಯೂ ತಾವೇ ದುಡಿಯುವ ಆಸ್ಪತ್ರೆಗೆ ಸರ್‌ಚಾರ್ಜ್ ಕಟ್ಟಬೇಕೇ ಎಂದು ಮೇ 20ರಂದು ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಕೇಳಿದರು. ಸೇವೆಗೆ ಆ ಹಣ ಬೇಕು ಎಂದು ಪ್ರಧಾನಿ ಸಮರ್ಥಿಸಿಕೊಂಡರು. ಸ್ವಪಕ್ಷದವರೇ ಗೊಣಗಿದರು. ಮರುದಿನವೇ ವಿನಾಯಿತಿ ಪ್ರಕಟವಾಯಿತು! ಆ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಆರೋಗ್ಯ ಸಿಬ್ಬಂದಿಯ ಪ್ರತ್ಯೇಕ ವೀಸಾದವರಿಗೆ ಸರ್‌ಚಾರ್ಜ್ ಇಲ್ಲ. ಎನ್‌ಎಚ್‌ಎಸ್‌ನಲ್ಲಿ ಬ್ರಿಟಿಷರನ್ನು ಬಿಟ್ಟರೆ ಹೆಚ್ಚಿನ ಸಂಖ್ಯೆಯಲ್ಲಿರುವವರು ಭಾರತೀಯರಾದ್ದರಿಂದ ಅದರ ಲಾಭ ನಮ್ಮ ದಾದಿಯರಿಗೂ ವೈದ್ಯರಿಗೂ ಸಿಕ್ಕಿತು. ಅದೇ ಆಸ್ಪತ್ರೆಗೆ ಊಟ ತಲುಪಿಸುವವನು, ಅದರ ಕಂಪ್ಯೂಟರ್ ನೋಡಿಕೊಳ್ಳುವವನು ಬೇರೆ ವೀಸಾದಲ್ಲಿದ್ದರೆ ಕಟ್ಟಲೇಬೇಕು. ಅಂದು ಪ್ರಶ್ನೆ ಕೇಳಿದ ಸ್ಟಾರ್ಮರ್ 2024ರ ಜುಲೈಯಲ್ಲಿ ತಾವೇ ಪ್ರಧಾನಿಯಾದರು. 1,035 ಪೌಂಡಿನ ದರವನ್ನು ಇಳಿಸುವ ಗೋಜಿಗೆ ಹೋಗಲಿಲ್ಲ.

ಸರ್‌ಚಾರ್ಜಿನ ನಿಜವಾದ ಏಟು ಬೀಳುವುದು ಕಂಪನಿ ಕಳಿಸಿದ ಎಂಜಿನಿಯರನ ಮೇಲಲ್ಲ. ಕೌಟುಂಬಿಕ ಕಾರಣಗಳಿಂದ ಹತ್ತು ವರ್ಷದ ದಾರಿಯಲ್ಲಿ ಕಾಯಂ ವಾಸಕ್ಕೆ ಕಾದಿರುವವರು ಎರಡೂವರೆ ವರ್ಷಕ್ಕೊಮ್ಮೆ ವೀಸಾ ನವೀಕರಿಸಬೇಕು. ಪ್ರತಿಸಲವೂ ತಲಾ 2,587 ಪೌಂಡ್ 50 ಪೆನ್ಸ್ ಸರ್‌ಚಾರ್ಜ್. ಕಸ ಗುಡಿಸಿ, ಪಾತ್ರೆ ತೊಳೆದು ಬದುಕುವ ತಾಯಿಗೆ ಇದು ಸಾಲ ಮಾಡದೆ ಹುಟ್ಟುವ ಹಣವಲ್ಲ. ತೀರಾ ನಿರ್ಗತಿಕರು ಶುಲ್ಕ ಮನ್ನಾ ಕೇಳಬಹುದು, ಆದರೆ ನಿರ್ಗತಿಕಳೆಂದು ದಾಖಲೆ ಒದಗಿಸಬೇಕು. ಕಟ್ಟಲಾಗದೆ ನವೀಕರಣ ತಪ್ಪಿಹೋಯಿತೋ, ಆಕೆ ಅಕ್ರಮ ವಾಸಿ. ಆಮೇಲೆ ಆಸ್ಪತ್ರೆಯ ಹಕ್ಕೂ ಇಲ್ಲ, ಕೆಲಸದ ಹಕ್ಕೂ ಇಲ್ಲ.

ಮನೆಯವನೇ ಎಡವಿದ

2017ರ ಅಕ್ಟೋಬರ್ 23ರಿಂದ ಇಂಗ್ಲೆಂಡಿನ ಆಸ್ಪತ್ರೆಗಳು ಹಕ್ಕಿಲ್ಲದವರಿಂದ, ತುರ್ತಲ್ಲದ ಚಿಕಿತ್ಸೆಗೆ, ಮುಂಗಡವಾಗಿಯೇ ಹಣ ವಸೂಲು ಮಾಡಬೇಕೆಂದು ಕಡ್ಡಾಯವಾಯಿತು. ಬೇವನ್ ಹೇಳಿದ್ದ ತಡೆಗಂಬ ಹೀಗೆ ನಿಂತಿತು. ಅದಕ್ಕೆ ಎಡವಿದವರಲ್ಲಿ ಒಬ್ಬರ ಸಂಗತಿ 2018ರಲ್ಲಿ ದೇಶವನ್ನೇ ಕಲಕಿತು. ಎನ್‌ಎಚ್‌ಎಸ್‌ಗೆ ದಾದಿಯಾಗಿ ಬಂದಿದ್ದ ತಾಯಿಯನ್ನು ಸೇರಿಕೊಳ್ಳಲು ಜಮೈಕಾದಿಂದ 1973ರಲ್ಲಿ ಹುಡುಗನಾಗಿ ಬಂದು, 44 ವರ್ಷ ಲಂಡನ್ನಿನಲ್ಲೇ ಬಾಳಿದ್ದ ವ್ಯಕ್ತಿ ಆತ. ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಆರಂಭವಾಗಬೇಕಿತ್ತು. ಪಾಸ್‌ಪೋರ್ಟ್ ತೋರಿಸಿ, ಇಲ್ಲವೇ 54,000 ಪೌಂಡ್ ಕಟ್ಟಿ ಎಂದರು. ಅವರಲ್ಲಿ ಎರಡೂ ಇರಲಿಲ್ಲ. ತಾನೂ ಈ ನಾಡಿನವನೆಂದು ಅವರು ಎಂದೂ ರುಜುವಾತು ಮಾಡಬೇಕಾಗಿ ಬಂದಿರಲಿಲ್ಲ. ಇಂಥ ನೂರಾರು ಪ್ರಕರಣಗಳು ಸೇರಿ ‘ವಿಂಡ್‌ರಷ್ ಹಗರಣ’ವಾಗಿ, ಗೃಹ ಸಚಿವೆ ಆಂಬರ್ ರಡ್ ಆ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಚಿಕಿತ್ಸೆಯೂ ಕಡೆಗೆ ಸಿಕ್ಕಿತು, ತಿಂಗಳುಗಳು ತಡವಾಗಿ.

ಇಷ್ಟೆಲ್ಲ ತಡೆ ಹಾಕಿ ಹಿಡಿದದ್ದೆಷ್ಟು? ಅದಕ್ಕೂ ಒಂದು ಲೆಕ್ಕ ಸಿಗುತ್ತದೆ. ಕೆಲವು ಆಸ್ಪತ್ರೆಗಳಲ್ಲಿ 2017ರಲ್ಲಿ ಪ್ರಯೋಗಾರ್ಥವಾಗಿ 8,894 ಜನರಿಂದ ಎರಡೆರಡು ಗುರುತಿನ ದಾಖಲೆ ಕೇಳಲಾಯಿತು. ಹಣ ಕೊಡಬೇಕಾದವರೆಂದು ಸಿಕ್ಕಿದವರು 50 ಮಂದಿ.

ಬಾಣಂತನಕ್ಕೆ ಹೋದ ತಾಯಿ

ಕರ್ನಾಟಕದ ಮನೆಗಳಿಗೆ ಹೆಚ್ಚು ಹತ್ತಿರದ ವಿಷಯ ಇನ್ನೊಂದಿದೆ. ಬರ್ಮಿಂಗ್‌ಹ್ಯಾಮ್‌ನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ಇರುವ ಮಗಳ ಬಾಣಂತನಕ್ಕೆಂದು ಅಂಟಿನುಂಡೆ, ಮೆಣಸಿನಪುಡಿ ಕಟ್ಟಿಕೊಂಡು ಹೊರಡುವ ತಾಯಂದಿರು ಹೋಗುವುದು ಆರು ತಿಂಗಳ ಸಂದರ್ಶಕ ವೀಸಾದ ಮೇಲೆ. ಅದಕ್ಕೆ ಸರ್‌ಚಾರ್ಜ್ ಇಲ್ಲ, ಹಾಗಾಗಿ ಹಕ್ಕೂ ಇಲ್ಲ. ಸರ್‌ಚಾರ್ಜ್ ಕಟ್ಟಿದ ಮಗಳ ಹೆರಿಗೆ ಪುಕ್ಕಟೆ. ನೋಡಿಕೊಳ್ಳಲು ಹೋದ ಅಮ್ಮನಿಗೆ ಎದೆನೋವು ಬಂದರೆ ಕಥೆಯೇ ಬೇರೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಯಾರಿಗೂ ಹಣ ಕೇಳುವುದಿಲ್ಲ. ಕ್ಷಯ, ಎಚ್‌ಐವಿಯಂಥ ಸೋಂಕುಗಳಿಗೂ ಎಲ್ಲರಿಗೂ ಉಚಿತ ಚಿಕಿತ್ಸೆ ಇದೆ. ಆದರೆ ತುರ್ತು ವಿಭಾಗದಿಂದ ವಾರ್ಡಿಗೆ ದಾಖಲಾದ ಕ್ಷಣದಿಂದ ಮೀಟರ್ ತಿರುಗತೊಡಗುತ್ತದೆ, ಅದೂ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್‌ನ ಸ್ವಂತ ದರದ ಒಂದೂವರೆ ಪಟ್ಟು. ಜೀವಕ್ಕೆ ಅಪಾಯವಿದ್ದರೆ ಹಣವಿಲ್ಲವೆಂದು ಹಿಂದೆ ಕಳಿಸುವುದಿಲ್ಲ, ಬಿಲ್ಲು ಆಮೇಲೆ ಬರುತ್ತದೆ. 500 ಪೌಂಡಿಗಿಂತ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ಅದರ ವರದಿ ಗೃಹ ಇಲಾಖೆಗೆ ಹೋಗಿ ಮುಂದಿನ ವೀಸಾಕ್ಕೇ ಕುತ್ತಾಗಬಹುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳ ಪ್ರವಾಸಿಗರಿಗೆ ಪರಸ್ಪರ ಒಪ್ಪಂದದ ಆಸರೆಯಿದೆ. ಭಾರತದೊಂದಿಗೆ ಅಂಥ ಒಪ್ಪಂದವಿಲ್ಲ.

2025ರ ಮೇ ತಿಂಗಳಲ್ಲಿ ವ್ಯಾಪಾರ ಒಪ್ಪಂದದ ಜತೆಗೆ ಎರಡು ಸರಕಾರಗಳು ಇನ್ನೊಂದಕ್ಕೆ ಒಪ್ಪಿದವು: ಕಂಪನಿಯ ಪರವಾಗಿ ತಾತ್ಕಾಲಿಕವಾಗಿ ಹೋಗುವ ಭಾರತೀಯ ನೌಕರರಿಗೆ ಮೂರು ವರ್ಷದ ತನಕ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯಿಂದ ವಿನಾಯಿತಿ. ಅಲ್ಲಿನ ವಿರೋಧ ಪಕ್ಷಗಳು ಕೂಗೆಬ್ಬಿಸಿದಾಗ ಬ್ರಿಟಿಷ್ ಸರಕಾರ ಕೊಟ್ಟ ಸಮಜಾಯಿಷಿಯಲ್ಲಿ ಆರೋಗ್ಯ ಸರ್‌ಚಾರ್ಜಿನ ಹೆಸರೂ ಬಂತು. ಅದನ್ನು ಅವರು ಕಟ್ಟುವುದು ಹೇಗೂ ತಪ್ಪುವುದಿಲ್ಲ ಎಂದಿತು. ಅದೇ ಮೇ ತಿಂಗಳ ವಲಸೆ ಶ್ವೇತಪತ್ರದಲ್ಲಿ, ಕಾಯಂ ವಾಸಕ್ಕೆ ಸಾಮಾನ್ಯವಾಗಿ ಕಾಯಬೇಕಾದ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಬಂದಿತು. ಸರ್‌ಚಾರ್ಜಿನ 2024ರ ದರದಲ್ಲಿ ನೋಡಿದರೆ, ಹತ್ತು ವರ್ಷಕ್ಕೆ ಒಬ್ಬರಿಗೆ 10,350 ಪೌಂಡ್.